ಪಿಕಪ್ ಟ್ರಕ್ಕಿನ ಎಕ್ಸಾಸ್ಟ್ ಮೊರೆತ ಮತ್ತು ಅದರ ಶಮನ

ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುತ್ತಿರುವ ವಾಹನದ ಒಳಗೆ, ಹೊಗೆಕೊಳವೆಯಿಂದ ಹುಟ್ಟಿ ಬಿಡದೆ ಗುಂಯ್‌ಗುಡುವ ಮಂದ್ರ ಸದ್ದೇ ಎಕ್ಸಾಸ್ಟ್ ಮೊರೆತ. ಇದರ ಆವೃತ್ತಿ ಹೆಚ್ಚಾಗಿ 50ರಿಂದ 150 ಹರ್ಟ್ಸ್ ನಡುವೆ ಇರುತ್ತದೆ. ವಾಹನದ ಹೊರಗೆ ನಿಂತವರಿಗೆ ಅದು ಗಮನಕ್ಕೇ ಬಾರದೆ ಇರಬಹುದು. ಒಳಗೆ ಕುಳಿತವರಿಗೆ ಮಾತ್ರ ಕಿವಿ ಒತ್ತಿ ಹಿಡಿದಂತಾಗಿ, ಒಂದೆರಡು ಗಂಟೆಯ ಪ್ರಯಾಣದಲ್ಲೇ ತಲೆ ಭಾರವಾಗುತ್ತದೆ. ಅಮೆರಿಕದ ದೊಡ್ಡ ಪಿಕಪ್‌ಗಳಾದ ಫೋರ್ಡ್ ಎಫ್-150, ಷೆವರ್ಲೆ ಸಿಲ್ವರಾಡೊ, ಜಿಎಂಸಿ ಸಿಯೆರಾ, ರ್‍ಯಾಮ್ 1500, ಟೊಯೊಟ ಟಂಡ್ರ ಇವುಗಳ ಮಾಲೀಕರಲ್ಲಿ ಇದು ಬಹಳ ಸಾಮಾನ್ಯವಾದ ದೂರು. ಕಾರ್ಖಾನೆಯಿಂದ ಬಂದ ಸೈಲೆನ್ಸರ್ ತೆಗೆಸಿ ಹೊರಗಿನ ಕಂಪನಿಯದನ್ನು ಹಾಕಿಸಿದ ಮೇಲೆಯೇ ಬಹುಪಾಲು ಈ ದೂರು ಶುರುವಾಗುತ್ತದೆ. ಪರಿಹಾರವನ್ನೂ ಅದೇ ಅಂಗಡಿಗಳಲ್ಲಿ ಮತ್ತೊಂದು ಸೈಲೆನ್ಸರಿನ ರೂಪದಲ್ಲಿ ಹುಡುಕುತ್ತಾರೆ.

ಎಂಜಿನ್ನಿನ ಬಾಯಿ ಕಟ್ಟುವ ಯತ್ನ ಮೋಟಾರು ವಾಹನದಷ್ಟೇ ಹಳೆಯದು. ಇಂಡಿಯಾನಾ ರಾಜ್ಯದ ಕೊಲಂಬಸ್ ಊರಿನ ಮಿಲ್ಟನ್ ರೀವ್ಸ್ ಮತ್ತು ಮಾರ್ಷಲ್ ರೀವ್ಸ್ ಎಂಬ ಸೋದರರು 1897ರಲ್ಲಿ ಎಂಜಿನ್ ಸೈಲೆನ್ಸರಿಗೆ ಅಮೆರಿಕದ ಪೇಟೆಂಟ್ ಪಡೆದರು. ಅಲ್ಲಿಂದ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಗಾಳಿ ತಿರುಗಿತ್ತು. ಎರಡನೇ ಮಹಾಯುದ್ಧದ ನಂತರ ಹಳೆಯ ಕಾರುಗಳನ್ನು ಬಿಚ್ಚಿ ಜೋಡಿಸಿ ಓಡಿಸುವ ಹಾಟ್ ರಾಡ್ ಹುಚ್ಚು ಅಮೆರಿಕದ ಯುವಕರನ್ನು ಹಿಡಿದಾಗ, ಎಂಟು ಸಿಲಿಂಡರಿನ ವಿ8 ಎಂಜಿನ್ನಿನ ಗುಡುಗೇ ಕೊಂಡುಕೊಳ್ಳುವ ವಸ್ತುವಾಯಿತು. ಬಿಡಿಭಾಗ ತಯಾರಕರ ಸಂಘ ಸೆಮಾ 1963ರಲ್ಲಿ ಹುಟ್ಟಿತು. ಬೊರ್ಲಾ, ಫ್ಲೋಮಾಸ್ಟರ್, ಮ್ಯಾಗ್ನಾಫ್ಲೋ ಮೊದಲಾದ ಹೆಸರುಗಳು ನಂತರದ ದಶಕಗಳವು. ಅಷ್ಟರಲ್ಲಿ ಪಿಕಪ್ ರೈತನ ಹೊಲದಿಂದ ಮನೆಯಂಗಳಕ್ಕೆ ಬಂದು, ಸಂಸಾರದ ಮುಖ್ಯ ವಾಹನವಾಗಿತ್ತು. ಫೋರ್ಡ್‌ನ ಎಫ್ ಸರಣಿ 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ಕಾಗಿ ಉಳಿದಿದೆ. ದಿನವೂ ನೂರಾರು ಕಿಲೋಮೀಟರ್ ಹೆದ್ದಾರಿ ತುಳಿಯುವ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುವ ವಾಹನಕ್ಕೆ ರೇಸಿನ ಸದ್ದು ಬೇಕೆನ್ನುವ ಆಸೆಯೇ ಮೊರೆತದ ಮೂಲ ಎಂದರೆ ತಪ್ಪಾಗದು.

ಸದ್ದು ಹುಟ್ಟುವ ಬಗೆ

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿದು, ಒಂದು ಗುಕ್ಕು ಬಿಸಿ ಅನಿಲವನ್ನು ಕೊಳವೆಗೆ ತಳ್ಳುತ್ತದೆ. ಎಂಟು ಸಿಲಿಂಡರ್ ಇದ್ದರೆ ಸುತ್ತಿಗೆ ನಾಲ್ಕು ಗುಕ್ಕು. ಎಂಜಿನ್ ನಿಮಿಷಕ್ಕೆ 1,800 ಸುತ್ತು, ಅಂದರೆ ಸೆಕೆಂಡಿಗೆ 30 ಸುತ್ತು ತಿರುಗುತ್ತಿದ್ದರೆ ಗುಕ್ಕುಗಳ ಆವೃತ್ತಿ 120 ಹರ್ಟ್ಸ್. ಅದೇ ವೇಗದಲ್ಲಿ ಆರು ಸಿಲಿಂಡರಿಗೆ 90, ನಾಲ್ಕಕ್ಕೆ 60. ಮೊರೆತದ ವಿಚಾರದಲ್ಲಿ ಇದಕ್ಕಿಂತ ಉಪಯುಕ್ತವಾದ ಲೆಕ್ಕ ಇನ್ನೊಂದಿಲ್ಲ. ಆದರೂ ಸೈಲೆನ್ಸರ್ ಕೊಳ್ಳುವವರಲ್ಲಿ ಇದನ್ನು ಹಾಕಿ ನೋಡುವವರು ಕಡಿಮೆ.

ಇಂದಿನ ಪಿಕಪ್‌ಗಳಲ್ಲಿ ಎಂಟೋ ಹತ್ತೋ ಗೇರುಗಳಿರುವುದರಿಂದ ಗಂಟೆಗೆ 110 ಕಿ.ಮೀ. ಓಟದಲ್ಲೂ ಎಂಜಿನ್ 1,600 ಸುತ್ತಿನ ಆಸುಪಾಸಿನಲ್ಲಿ ನಿಧಾನವಾಗಿ ತಿರುಗುತ್ತಿರುತ್ತದೆ. ಇಂಧನ ಉಳಿಸಲು ಮಾಡಿದ ಈ ಏರ್ಪಾಡು ವಿ8 ಎಂಜಿನ್ನಿನ ಸದ್ದನ್ನು ಸುಮಾರು 107 ಹರ್ಟ್ಸ್‌ಗೆ ತಂದು ನಿಲ್ಲಿಸುತ್ತದೆ. ಕ್ರೂಸ್ ಕಂಟ್ರೋಲ್ ಹಾಕಿ ಸಪಾಟು ರಸ್ತೆಯಲ್ಲಿ ಹೋಗುವಾಗ ಅದು ಅಲ್ಲಿಂದ ಕದಲುವುದಿಲ್ಲ. ಟೆಕ್ಸಸ್, ಕಾನ್ಸಾಸ್ ಕಡೆಯ ನೇರ ರಸ್ತೆಗಳಲ್ಲಿ ಗಂಟೆಗಟ್ಟಲೆ ಒಂದೇ ಸ್ವರ.

ಸ್ವರ ಹುಟ್ಟಿದ ಮಾತ್ರಕ್ಕೆ ಮೊರೆತವಾಗುವುದಿಲ್ಲ, ಅದನ್ನು ಯಾವುದಾದರೂ ಎತ್ತಿ ಹಿಗ್ಗಿಸಬೇಕು. ಪಿಕಪ್‌ನಲ್ಲಿ ಆ ಕೆಲಸ ಎರಡು ಕಡೆ ನಡೆಯುತ್ತದೆ. ಮೊದಲನೆಯದು ಬಾಲಕೊಳವೆ. ಸೈಲೆನ್ಸರಿನಿಂದ ಹೊರಟು, ಹಿಂದಿನ ಆಕ್ಸಲ್ ಮೇಲೆ ಬಳುಕಿ, ಬಲಗಡೆಯ ಹಿಂಚಕ್ರದ ಆಚೆ ತೆರೆಯುವ ಈ ಪೈಪು ಸುಮಾರು ಎರಡು ಮೀಟರ್ ಉದ್ದ ಇರುವುದುಂಟು. ಎರಡೂ ತುದಿ ತೆರೆದ ಕೊಳವೆಯಲ್ಲಿ ಅರ್ಧ ಅಲೆಯಷ್ಟು ಉದ್ದದ ಸದ್ದು ನಿಂತು ಅನುರಣಿಸುತ್ತದೆ. ಬಿಸಿ ಅನಿಲದಲ್ಲಿ ಶಬ್ದ ಸೆಕೆಂಡಿಗೆ 450 ಮೀಟರಿನಷ್ಟು ಓಡುತ್ತದೆ ಎಂದಿಟ್ಟುಕೊಂಡರೆ, ಎರಡು ಮೀಟರ್ ಪೈಪಿನ ಸ್ವಂತ ಸ್ವರ 112 ಹರ್ಟ್ಸ್. ಎಂಜಿನ್ನಿನ 107ಕ್ಕೂ ಇದಕ್ಕೂ ಎಷ್ಟು ಹತ್ತಿರ ಎಂಬುದನ್ನು ಗಮನಿಸಿ. ಕಾರ್ಖಾನೆಯ ಎಂಜಿನಿಯರುಗಳು ಸೈಲೆನ್ಸರನ್ನು ಎಲ್ಲಿ ಕೂರಿಸಬೇಕು, ಬಾಲಕೊಳವೆ ಎಷ್ಟುದ್ದ ಬಿಡಬೇಕು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಈ ಕಾರಣಕ್ಕೆ.

ಎರಡನೆಯದು ಕ್ಯಾಬಿನ್. ಕಾರಿನಲ್ಲಿ ಹಿಂದಿನ ಸೀಟಿನ ಆಚೆ ಡಿಕ್ಕಿಯ ಜಾಗವಾದರೂ ಇರುತ್ತದೆ. ಪಿಕಪ್‌ನಲ್ಲಿ ಬೆನ್ನ ಹಿಂದೆಯೇ ತಗಡಿನ ಚಪ್ಪಟೆ ಗೋಡೆ, ಅದರ ಮೇಲೆ ಗಾಜು. ಸೈಲೆನ್ಸರ್ ಅದರ ಕೆಳಗೇ ಅಥವಾ ಸ್ವಲ್ಪ ಹಿಂದೆ ತೂಗುತ್ತಿರುತ್ತದೆ. ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೊರಹೋಗಲೆಂದು ಹಿಂಗೋಡೆಯಲ್ಲಿ ರಬ್ಬರ್ ಪಟ್ಟಿಗಳ ಕಿಂಡಿಯೂ ಇರುತ್ತದೆ, ಸದ್ದಿಗೆ ಅದು ಸಲೀಸಾದ ದಾರಿ. ನಾಲ್ಕು ಬಾಗಿಲಿನ ಕ್ರೂ ಕ್ಯಾಬ್‌ನ ಉದ್ದ ಎರಡೂವರೆ ಮೀಟರಿನಷ್ಟಾದರೆ ಆ ಗಾಳಿಪೆಟ್ಟಿಗೆಯ ಸ್ವರ 70 ಹರ್ಟ್ಸ್ ಹತ್ತಿರ ಬರುತ್ತದೆ. ಒಂಟಿ ಸಾಲಿನ ಚಿಕ್ಕ ಕ್ಯಾಬಿನ್ನಿಗೆ ಇದಕ್ಕಿಂತ ಮೇಲಿನ ಸ್ವರ. ಆದ್ದರಿಂದಲೇ ಒಂದೇ ಎಂಜಿನ್, ಒಂದೇ ಸೈಲೆನ್ಸರ್ ಇದ್ದರೂ ಕ್ಯಾಬಿನ್ ಬೇರೆಯಾದ ಎರಡು ಟ್ರಕ್ಕುಗಳಲ್ಲಿ ಒಂದು ಮೊರೆಯುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಪಕ್ಕದ ಮನೆಯವರ ಟ್ರಕ್ಕಿನಲ್ಲಿ ಚೆನ್ನಾಗಿತ್ತು ಎಂದು ಅದೇ ಸೈಲೆನ್ಸರ್ ತಂದವರು ಪೇಚಾಡುವುದು ಇಲ್ಲೇ.

ಅರ್ಧ ಎಂಜಿನ್ ಓಟ

2000ದ ದಶಕದಲ್ಲಿ ಈ ತೊಡಕಿಗೆ ಇನ್ನೊಂದು ಗಂಟು ಬಿತ್ತು. ಹೊರೆ ಕಡಿಮೆ ಇದ್ದಾಗ ಅರ್ಧದಷ್ಟು ಸಿಲಿಂಡರುಗಳನ್ನು ಮಲಗಿಸಿ ಇಂಧನ ಉಳಿಸುವ ತಂತ್ರವನ್ನು ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ತಮ್ಮ ವಿ8 ಎಂಜಿನ್ನುಗಳಿಗೆ ಅಳವಡಿಸಿದವು. ಎಂಟರಲ್ಲಿ ನಾಲ್ಕು ಮಲಗಿದ ಕ್ಷಣ ಗುಕ್ಕುಗಳ ಆವೃತ್ತಿ ಅರ್ಧಕ್ಕಿಳಿಯುತ್ತದೆ. 120 ಇದ್ದದ್ದು 60, ಅಂದರೆ ಕ್ಯಾಬಿನ್ನಿನ ಸ್ವಂತ ಸ್ವರದ ನೆರೆಗೇ ಬಂತು. ಜನರಲ್ ಮೋಟಾರ್ಸ್ 2019ರ ಮಾದರಿಗಳಲ್ಲಿ ತಂದ ಸುಧಾರಿತ ವ್ಯವಸ್ಥೆ 17 ಬಗೆಯ ಜೋಡಣೆಗಳಲ್ಲಿ ಸಿಲಿಂಡರುಗಳನ್ನು ಉರಿಸಬಲ್ಲದು, ಅಲ್ಲಿ ಆವೃತ್ತಿ ಒಂದೆಡೆ ನಿಲ್ಲುವುದೂ ಇಲ್ಲ.

ತಯಾರಕರಿಗೆ ಇದರ ಅರಿವಿತ್ತು. ಕೆಲವು ಮಾದರಿಗಳಲ್ಲಿ ಕೊಳವೆಯೊಳಗೆ ಸ್ಪ್ರಿಂಗಿನಿಂದ ಮುಚ್ಚಿಕೊಳ್ಳುವ ಕವಾಟವೊಂದನ್ನು ಇಟ್ಟರು. ಅನಿಲದ ಹರಿವು ಕಡಿಮೆ ಇದ್ದಾಗ ಅದು ದಾರಿಯನ್ನು ಕಿರಿದು ಮಾಡಿ ಮಂದ್ರ ಸದ್ದನ್ನು ತಡೆಯುತ್ತದೆ, ಹರಿವು ಹೆಚ್ಚಿದಾಗ ತಾನೇ ತೆರೆದುಕೊಳ್ಳುತ್ತದೆ. ಹಳತಾದಾಗ ಇದು ಕಟಕಟ ಎನ್ನತೊಡಗುತ್ತದೆ. ಮಾಲೀಕರು ಅದನ್ನು ಕೆಲಸಕ್ಕೆ ಬಾರದ ಅಡ್ಡಿ ಎಂದು ಕತ್ತರಿಸಿ ಎಸೆಯುತ್ತಾರೆ, ಆಮೇಲೆ ಮೊರೆತ ಎಲ್ಲಿಂದ ಬಂತು ಎಂದು ಹುಡುಕುತ್ತಾರೆ. 2019ರ ರ್‍ಯಾಮ್ 1500 ಇನ್ನೂ ಮುಂದೆ ಹೋಯಿತು. ಅದರ ವಿ8 ಮಾದರಿಯ ಚಾಸಿಗೆ ಎದುರು ಕಂಪನ ಹುಟ್ಟಿಸುವ ವಿದ್ಯುತ್ ಘಟಕಗಳನ್ನೇ ಕಟ್ಟಿದರು.

ಡೆಸಿಬೆಲ್ ಮೀಟರಿಗೆ ಸಿಗದ ಸದ್ದು

ಮೊರೆತವನ್ನು ಬರೀ ಜೋರು ಸದ್ದು ಎಂದುಕೊಂಡವರು ಫೋನಿನಲ್ಲೋ ಮೀಟರಿನಲ್ಲೋ ಡೆಸಿಬೆಲ್ ಅಳೆದು ಗೊಂದಲಕ್ಕೆ ಬೀಳುತ್ತಾರೆ. ಸಾಮಾನ್ಯ ಮೀಟರ್ ಅಳೆಯುವುದು ‘ಎ’ ಮಾನದಲ್ಲಿ. ಮನುಷ್ಯನ ಕಿವಿ ಮಂದ್ರ ಸ್ವರಗಳಿಗೆ ಮಂಕು ಎಂಬ ಲೆಕ್ಕದಿಂದ ಈ ಮಾನ 125 ಹರ್ಟ್ಸ್‌ನಲ್ಲಿ ಸುಮಾರು 16, 63 ಹರ್ಟ್ಸ್‌ನಲ್ಲಿ ಸುಮಾರು 26 ಡೆಸಿಬೆಲ್ ಕಳೆದು ತೋರಿಸುತ್ತದೆ. ‘ಸಿ’ ಮಾನದಲ್ಲಿ ಈ ಕಡಿತ ಒಂದು ಡೆಸಿಬೆಲ್ಲಿಗಿಂತ ಕಡಿಮೆ. ಸೈಲೆನ್ಸರ್ ಬದಲಿಸುವ ಮುಂಚೆ, ಬದಲಿಸಿದ ಮೇಲೆ ‘ಎ’ ಮಾನದ ಅಂಕಿ ಒಂದೆರಡೇ ಏರಿದ್ದರೂ ‘ಸಿ’ ಮಾನದಲ್ಲಿ ಜಿಗಿತ ಕಾಣುವುದುಂಟು. ಮಾರಾಟದ ಕೈಪಿಡಿಗಳಲ್ಲಿರುವ ‘ಒಳಗೆ ಹಿತಮಿತ’, ‘ಒಳಗೆ ಮೃದು’ ಎಂಬ ಶ್ರೇಣಿಗಳಿಗೂ, ಟ್ರಕ್ಕಿನ ಹಿಂದೆ ನಿಂತು ತೆಗೆದ ವಿಡಿಯೊಗಳಿಗೂ ಈ ವಿಷಯದಲ್ಲಿ ಕಿಮ್ಮತ್ತಿಲ್ಲ. ಫೋನಿನ ಪುಟ್ಟ ಸ್ಪೀಕರ್ 60 ಹರ್ಟ್ಸ್ ಸದ್ದನ್ನು ಕೇಳಿಸುವ ಶಕ್ತಿಯನ್ನೇ ಹೊಂದಿಲ್ಲ.

ಸೈಲೆನ್ಸರಿನ ಒಳಗೆ

ಹೊರಗಿನ ಕಂಪನಿಗಳ ಸೈಲೆನ್ಸರುಗಳಲ್ಲಿ ಮೂರು ಬಗೆ ಮುಖ್ಯ. ಹೆಚ್ಚು ಮಾರಾಟವಾಗುವುದು ನೇರದಾರಿಯದು. ತೂತುಗಳಿರುವ ಒಳಪೈಪಿನ ಸುತ್ತ ಗಾಜಿನ ನಾರು ಅಥವಾ ಉಕ್ಕಿನ ನಾರು ತುಂಬಿ ಮೇಲೊಂದು ಚಿಪ್ಪು ಮುಚ್ಚಿರುತ್ತಾರೆ. ಅನಿಲ ತಡೆಯಿಲ್ಲದೆ ಹರಿಯುತ್ತದೆ, ಕರ್ಕಶವಾದ ಮೇಲಿನ ಸ್ವರಗಳನ್ನು ನಾರು ಹೀರಿಕೊಳ್ಳುತ್ತದೆ. ಆದರೆ 100 ಹರ್ಟ್ಸ್ ಸದ್ದಿನ ಅಲೆ ಬಿಸಿ ಅನಿಲದಲ್ಲಿ ನಾಲ್ಕು ಮೀಟರಿಗೂ ಉದ್ದ. ಎರಡು ಮೂರು ಸೆಂಟಿಮೀಟರ್ ದಪ್ಪದ ನಾರಿಗೆ ಅದು ಸಿಗುವುದೇ ಇಲ್ಲ. ವರ್ಷಗಳು ಕಳೆದಂತೆ ನಾರು ಸುಟ್ಟು ಉದುರುವುದರಿಂದ ಮೊದಮೊದಲು ಸಹ್ಯವಾಗಿದ್ದದ್ದು ಕೊನೆಗೆ ಒರಟಾಗುತ್ತದೆ.

ಕೋಣೆಗಳ ಬಗೆಯದರಲ್ಲಿ ನಾರಿಲ್ಲ, ತಗಡಿನ ಅಡ್ಡಗೋಡೆಗಳು ಅಲೆಗಳನ್ನು ಹಿಂದಕ್ಕೆ ತಳ್ಳಿ ಒಂದನ್ನೊಂದು ಅಳಿಸುವಂತೆ ಮಾಡುತ್ತವೆ. ಫ್ಲೋಮಾಸ್ಟರ್ ಹೆಸರಾದದ್ದು ಇದರಿಂದ. ಕೋಣೆ ದೊಡ್ಡದಿದ್ದಷ್ಟೂ ಮಂದ್ರಕ್ಕೆ ಒಳ್ಳೆಯದು. 40 ಸೆಂಟಿಮೀಟರ್ ಉದ್ದದ, ಪೈಪಿನ ಆರು ಪಟ್ಟು ಅಡ್ಡಕೊಯ್ತದ ವಿಸ್ತೀರ್ಣವಿರುವ ಒಂದು ಸರಳ ಕೋಣೆ 310 ಹರ್ಟ್ಸ್ ಆಸುಪಾಸಿನಲ್ಲಿ ಹೆಚ್ಚೆಂದರೆ ಹತ್ತು ಡೆಸಿಬೆಲ್ ಕಳೆಯುತ್ತದೆ, 110 ಹರ್ಟ್ಸ್‌ನಲ್ಲಿ ಬರೀ ಐದು. ಗಿಡ್ಡನೆಯ ಎರಡು ಕೋಣೆಯ ಮಾದರಿಗಳಿಗೆ ಮೊರೆತದ ಕುಖ್ಯಾತಿ ಅಂಟಿರುವುದು ಹೀಗೆ. ಅದೇ ಕಂಪನಿಗಳ ಉದ್ದನೆಯ, ಮೂರು ಕೋಣೆಯ ಮಾದರಿಗಳು ಪಿಕಪ್ಪಿಗೆ ಎಷ್ಟೋ ವಾಸಿ.

ಮೂರನೆಯದು ಅನಿಲವನ್ನು ಇಂಗ್ಲಿಷಿನ ಎಸ್ ಅಕ್ಷರದಂತೆ ತಿರುಗಿಸಿ ಬಿಡುವ ‘ಟರ್ಬೊ’ ಸೈಲೆನ್ಸರ್. ಹೆಸರಿನಲ್ಲಿ ಟರ್ಬೊ ಇದ್ದರೂ ಟರ್ಬೊಚಾರ್ಜರಿಗೂ ಇದಕ್ಕೂ ಇಂದು ಸಂಬಂಧವಿಲ್ಲ. ಬೆಲೆ ಕಡಿಮೆ, ಅಬ್ಬರ ಕಡಿಮೆ, ಹಾಗಾಗಿ ಹುಡುಗರಿಗೆ ಇಷ್ಟವಿಲ್ಲ. ಮೊರೆತದಿಂದ ಬೇಸತ್ತವರು ಕೊನೆಗೆ ಬಂದು ನಿಲ್ಲುವುದು ಬಹುಪಾಲು ಇದರ ಬಳಿಯೇ.

ಕಾರ್ಖಾನೆಯ ಸೈಲೆನ್ಸರ್ ಈ ಮೂರನ್ನೂ ಬೆರೆಸಿದ ವಸ್ತು. ಗಾತ್ರದಲ್ಲಿ ದೊಡ್ಡದು, ಒಳಗೆ ಕೋಣೆ, ನಾರು, ಆ ಎಂಜಿನ್ನಿಗೇ ಶ್ರುತಿ ಮಾಡಿದ ಅನುರಣಕ ಎಲ್ಲವೂ ಇರುತ್ತವೆ. ಅದನ್ನು ತೆಗೆದು ಹಾಕುವ ಯಾವ ಸೈಲೆನ್ಸರೂ ಅಷ್ಟು ಮೌನಿಯಾಗಿರುವುದು ಅಪರೂಪ. ಸದ್ದು ಬೇಕು, ಮೊರೆತ ಬೇಡ ಎನ್ನುವವರು ಆ ಒಂದು ಸ್ವರವನ್ನಷ್ಟೇ ಕಿತ್ತುಹಾಕುವ ದಾರಿ ಹುಡುಕಬೇಕು.

ಕುರುಡು ಕೊಳವೆ

ಆ ದಾರಿ ಇದೆ, ಅದೂ ಅಗ್ಗದ್ದು. ಮುಖ್ಯ ಪೈಪಿನ ಪಕ್ಕಕ್ಕೆ ತುದಿ ಮುಚ್ಚಿದ ಇನ್ನೊಂದು ಪೈಪನ್ನು ಕವಲಿನಂತೆ ಬೆಸುಗೆ ಹಾಕುವುದು. ಮಡಚಿದ ಆಕಾರದಿಂದ ಇದಕ್ಕೆ ಅಮೆರಿಕದ ಗ್ಯಾರೇಜುಗಳಲ್ಲಿ ಜೆ-ಪೈಪ್ ಎನ್ನುತ್ತಾರೆ. ಇದರ ಉದ್ದ ಬೇಡವಾದ ಸ್ವರದ ಕಾಲು ಅಲೆಯಷ್ಟಿರಬೇಕು. ಕವಲಿಗೆ ಹೊಕ್ಕ ಅಲೆ ಮುಚ್ಚಿದ ತುದಿಗೆ ಬಡಿದು ಹೊರಬರುವಷ್ಟರಲ್ಲಿ ಅರ್ಧ ಅಲೆಯಷ್ಟು ಹಿಂದೆ ಬಿದ್ದಿರುತ್ತದೆ. ಮುಖ್ಯ ಪೈಪಿನಲ್ಲಿ ಒತ್ತಡ ಏರುವಾಗ ಇದು ಇಳಿಸುತ್ತದೆ, ಎರಡೂ ಸೇರಿ ಸದ್ದು ಅಳಿಯುತ್ತದೆ. ಅನಿಲದ ಹರಿವಿಗೆ ತಡೆಯಿಲ್ಲ, ಎಂಜಿನ್ನಿನ ಶಕ್ತಿಗೆ ಕುಂದಿಲ್ಲ, ಮೇಲಿನ ಸ್ವರಗಳ ಬನಿಯೂ ಹಾಗೇ ಉಳಿಯುತ್ತದೆ.

ಉದ್ದ ಕಂಡುಹಿಡಿಯಲು ಶಬ್ದದ ವೇಗವನ್ನು ಆವೃತ್ತಿಯ ನಾಲ್ಕರಷ್ಟರಿಂದ ಭಾಗಿಸಬೇಕು. ತಪ್ಪು ಆಗುವುದು ಶಬ್ದದ ವೇಗದಲ್ಲಿ. ಹೊರಗಿನ ಗಾಳಿಯಲ್ಲಿ ಅದು ಸೆಕೆಂಡಿಗೆ 343 ಮೀಟರ್, 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಮಾರು 435, 400 ಡಿಗ್ರಿಯಲ್ಲಿ 500 ದಾಟುತ್ತದೆ. ಕವಲಿನೊಳಗೆ ಹರಿವಿಲ್ಲದ್ದರಿಂದ ಅಲ್ಲಿನ ಅನಿಲ ಮುಖ್ಯ ಪೈಪಿಗಿಂತ ತಣ್ಣಗಿರುತ್ತದೆ. 110 ಹರ್ಟ್ಸ್ ಮೊರೆತಕ್ಕೆ ತಣ್ಣನೆಯ ಗಾಳಿಯ ಲೆಕ್ಕದಲ್ಲಿ 78 ಸೆಂಟಿಮೀಟರ್ ಬರುತ್ತದೆ, 200 ಡಿಗ್ರಿಯ ಲೆಕ್ಕದಲ್ಲಿ 99. ಪಳಗಿದ ವೆಲ್ಡರುಗಳು ಉದ್ದವಾಗಿಯೇ ಬಿಟ್ಟು, ಟ್ರಕ್ ಓಡಿಸಿ ನೋಡಿ, ತುದಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಬರುತ್ತಾರೆ. ಉದ್ದ ಕಡಿಮೆಯಾದರೆ ಮತ್ತೆ ಬೆಸೆಯಬೇಕಾಗುತ್ತದೆ.

ಕವಲಿನ ಅಗಲ ಮುಖ್ಯ ಪೈಪಿನಷ್ಟೇ ಇದ್ದರೆ ಪರಿಣಾಮ ಹೆಚ್ಚು ದೂರ ಹಬ್ಬುತ್ತದೆ. ಆದರ್ಶ ಸ್ಥಿತಿಯ ಲೆಕ್ಕದಲ್ಲಿ, ಶ್ರುತಿ ಮಾಡಿದ ಆವೃತ್ತಿಯಿಂದ ನೂರಕ್ಕೆ ಹತ್ತರಷ್ಟು ಆಚೀಚೆ ಹೋದರೂ ಹತ್ತು ಡೆಸಿಬೆಲ್, ಇಪ್ಪತ್ತರಷ್ಟು ಹೋದರೆ ಐದು ಡೆಸಿಬೆಲ್ ಕಡಿತ ಸಿಗುತ್ತದೆ. 1,650 ಸುತ್ತಿಗೆ ಹೊಂದಿಸಿದ ಕವಲು 1,500ರಿಂದ 1,800 ಸುತ್ತಿನವರೆಗೆ ಕೆಲಸ ಮಾಡುತ್ತದೆ ಎಂದಾಯಿತು. ಹೆದ್ದಾರಿಗೆ ಅಷ್ಟು ಸಾಕು. ಸಣ್ಣ ಪೈಪು ಹಾಕಿದರೆ ಈ ಹರವು ಕಿರಿದಾಗುತ್ತದೆ. ಎಲ್ಲಿ ಬೆಸೆಯಬೇಕು ಎಂಬುದೂ ಮುಖ್ಯ. ಒತ್ತಡದ ಏರಿಳಿತ ಜೋರಾಗಿರುವಲ್ಲಿ ಕವಲಿಗೆ ಬಲ. ತೆರೆದ ಬಾಲದ ತುದಿಯಲ್ಲಿ ಏರಿಳಿತವೇ ಇಲ್ಲದ್ದರಿಂದ ಅಲ್ಲಿ ಹಾಕಿದ್ದು ವ್ಯರ್ಥ. ಮುಚ್ಚಿದ ತುದಿ ಕೆಳಮುಖವಾಗಿದ್ದರೆ ನೀರು ನಿಂತು ತುಕ್ಕು ಹಿಡಿಯುತ್ತದೆ.

ಇದರ ಸೋದರ ಸಂಬಂಧಿ ಜರ್ಮನಿಯ ವಿಜ್ಞಾನಿ ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ (1821–1894) ಹೆಸರಿನ ಅನುರಣಕ. ಖಾಲಿ ಸೀಸೆಯ ಬಾಯಿಗೆ ಊದಿದಾಗ ಹೊರಡುವ ಒಂದೇ ಸ್ವರದಂತೆ, ಕಿರಿದಾದ ಕತ್ತು ಮತ್ತು ಮುಚ್ಚಿದ ಡಬ್ಬಿ ಸೇರಿ ಒಂದೇ ಆವೃತ್ತಿಗೆ ಸ್ಪಂದಿಸುತ್ತವೆ. 110 ಹರ್ಟ್ಸ್‌ಗೆ ಐದು ಸೆಂಟಿಮೀಟರ್ ಅಗಲ, ಎಂಟು ಸೆಂಟಿಮೀಟರ್ ಉದ್ದದ ಕತ್ತು ಇಟ್ಟರೆ ಏಳೆಂಟು ಲೀಟರಿನ ಡಬ್ಬಿ ಬೇಕು. ಉದ್ದನೆಯ ಕವಲಿಗೆ ಜಾಗವಿಲ್ಲದ ಕಡೆ ಇದು ಒದಗುತ್ತದೆ. ಅರ್ಧ ಎಂಜಿನ್ ಓಟದ 55–60 ಹರ್ಟ್ಸ್‌ಗೆ ಕಾಲು ಅಲೆಯ ಕವಲು ಎರಡು ಮೀಟರಿನ ಹತ್ತಿರ ಹೋಗುವುದರಿಂದ ಅಲ್ಲಿಯೂ ಡಬ್ಬಿಯೇ ವಾಸಿ. ಇಲ್ಲವೆಂದರೆ ಸಿಲಿಂಡರ್ ಮಲಗದಂತೆ ತಡೆಯುವ ಸಣ್ಣ ಸಾಧನವನ್ನು ಡ್ಯಾಶ್‌ಬೋರ್ಡಿನ ಕೆಳಗಿನ ಒಬಿಡಿ ಪೋರ್ಟಿಗೆ ಸಿಕ್ಕಿಸುತ್ತಾರೆ. ಮೊರೆತ ನಿಲ್ಲುತ್ತದೆ, ಪೆಟ್ರೋಲ್ ಖರ್ಚು ತುಸು ಏರುತ್ತದೆ.

ದುಡ್ಡು ಹಾಕುವ ಮುಂಚೆ

ಯಾವ ಸುತ್ತಿನಲ್ಲಿ ಮೊರೆಯುತ್ತದೆ ಎಂದು ಟ್ಯಾಕೋಮೀಟರ್ ನೋಡಿ ಬರೆದುಕೊಳ್ಳುವುದು ಮೊದಲ ಕೆಲಸ. ಪಕ್ಕದಲ್ಲಿ ಕುಳಿತವರ ಫೋನಿನಲ್ಲಿ ಆವೃತ್ತಿ ತೋರಿಸುವ ಆ್ಯಪ್ ಇದ್ದರೆ ಲೆಕ್ಕವನ್ನು ತಾಳೆ ನೋಡಬಹುದು. ಅದೇ ವೇಗದಲ್ಲಿ ಗೇರ್ ಒಂದು ಇಳಿಸಿದಾಗ ಸದ್ದು ಮಾಯವಾದರೆ ಅದು ಎಂಜಿನ್ನಿನದು. ಮಾಯವಾಗದಿದ್ದರೆ ಟೈರಿನದೋ ಪ್ರೊಪೆಲ್ಲರ್ ಶಾಫ್ಟಿನದೋ ಇರಬಹುದು, ಸೈಲೆನ್ಸರಿಗೆ ಸುರಿದ ದುಡ್ಡು ದಂಡ.

ಆಮೇಲೆ ಟ್ರಕ್ಕಿನ ಕೆಳಗೆ ತೂರಿ ಪೈಪು ಚಾಸಿಗೋ ತೊಟ್ಟಿಯ ತಳಕ್ಕೋ ತಾಗುತ್ತಿದೆಯೇ, ತೂಗುಹಾಕಿದ ರಬ್ಬರ್ ಬುಶ್‌ಗಳು ಗಟ್ಟಿಯಾಗಿವೆಯೇ ನೋಡಬೇಕು. ಎಷ್ಟೋ ಮೊರೆತಗಳು ಒಂದು ಹ್ಯಾಂಗರ್ ಸರಿಪಡಿಸುವುದರಲ್ಲೇ ಮುಗಿಯುತ್ತವೆ. ಹಿಂಗೋಡೆಗೆ ಬ್ಯುಟೈಲ್ ಹಾಳೆ ಅಂಟಿಸಿದರೆ ತಗಡಿನ ನಡುಕ ತಗ್ಗುತ್ತದೆ, ಗಾಳಿಯಲ್ಲಿ ಬರುವ 60 ಹರ್ಟ್ಸ್ ಸದ್ದಿಗೆ ಅದರಿಂದ ಹೆಚ್ಚೇನೂ ಆಗದು. ಬಾಲಕೊಳವೆಯನ್ನು ಆಕ್ಸಲ್ಲಿಗೂ ಮುಂಚೆ ಕತ್ತರಿಸಿ ನೆಲದ ಕಡೆ ತಿರುಗಿಸುವುದು ಅಗ್ಗದ ಪದ್ಧತಿ. ಅನುರಣನದ ಸ್ವರ ಬದಲಾದರೂ ಸದ್ದು ಕ್ಯಾಬಿನ್ನಿನ ಕೆಳಗೇ ಸುರಿಯುತ್ತದೆ, ಹೊಗೆ ಒಳಬರುವ ಅಪಾಯವೂ ಇದೆ. ಇದನ್ನು ಮಾಡದಿರುವುದೇ ಕ್ಷೇಮ. ದಪ್ಪ ಪೈಪು ಹಾಕಿದರೆ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆಯೂ ಮೂಲ ಎಂಜಿನ್ನಿನ ಮಟ್ಟಿಗೆ ಹೆಚ್ಚಾಗಿ ಹುಸಿ. ಸಿಗುವುದು ಸದ್ದು ಮಾತ್ರ.

ಸ್ಪೀಕರುಗಳಿಂದ ಎದುರು ಅಲೆ ಬಿಟ್ಟು ಸದ್ದನ್ನು ಅಳಿಸುವ ಉಪಾಯಕ್ಕೆ ಜರ್ಮನಿಯ ಪೌಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಇಂದು ಹಲವು ಪಿಕಪ್‌ಗಳಲ್ಲಿ ಅದು ಕಾರ್ಖಾನೆಯಿಂದಲೇ ಬರುತ್ತದೆ. ಅದರ ಲೆಕ್ಕಾಚಾರ ಮೂಲ ಸೈಲೆನ್ಸರಿನ ಸದ್ದಿಗೆ ಹೊಂದಿಸಿದ್ದು. ಸೈಲೆನ್ಸರ್ ಬದಲಿಸಿದರೆ ಅದು ತಾಳ ತಪ್ಪಿ ಮೊರೆತವನ್ನು ಹೆಚ್ಚಿಸಬಹುದು.

ಕಾನೂನು

ಕ್ಯಾಟಲಿಟಿಕ್ ಕನ್ವರ್ಟರ್ ಕಳಚುವುದು ಅಮೆರಿಕದ ಒಕ್ಕೂಟ (ಫೆಡರಲ್) ಕಾನೂನಿನ ಪ್ರಕಾರ ಅಪರಾಧ. ಅದರ ಆಚೆಗಿನ ಪೈಪು, ಸೈಲೆನ್ಸರ್ ಬದಲಿಸಲು ಅವಕಾಶವಿದೆ, ಸದ್ದಿನ ಮಿತಿ ಆಯಾ ರಾಜ್ಯದ್ದು. ಕ್ಯಾಲಿಫೋರ್ನಿಯದಲ್ಲಿ 6,000 ಪೌಂಡ್‌ಗಿಂತ ಕಡಿಮೆ ಒಟ್ಟು ತೂಕದ ವಾಹನಗಳಿಗೆ 95 ಡೆಸಿಬೆಲ್ ಮಿತಿ. ದೊಡ್ಡ ಪಿಕಪ್‌ಗಳಲ್ಲಿ ಬಹುಪಾಲಿನ ತೂಕ ಅದನ್ನು ಮೀರುತ್ತದೆ, ಅವುಗಳಿಗೆ ಸರಿಯಾದ ಸೈಲೆನ್ಸರ್ ಇರಬೇಕು, ಸದ್ದು ಹೆಚ್ಚಿಸುವ ಬದಲಾವಣೆ ಕೂಡದು ಎಂಬ ಸಾಮಾನ್ಯ ನಿಯಮ ಅನ್ವಯಿಸುತ್ತದೆ. ಇವೆಲ್ಲ ಹೊರಗಿನ ಕಿವಿಗಳ ರಕ್ಷಣೆಗೆ. ಒಳಗಿನ ಮೊರೆತ ಯಾವ ಕಾನೂನಿಗೂ ಸಂಬಂಧಿಸಿದ್ದಲ್ಲ.

ಭಾರತದಲ್ಲಿ ಪಿಕಪ್ ಎಂದರೆ ಬಹುಪಾಲು ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ ವಾಹನ. ಬಿಡದಿಯ ಟೊಯೊಟ ಕಿರ್ಲೋಸ್ಕರ್ 2022ರಲ್ಲಿ ಮಾರುಕಟ್ಟೆಗೆ ತಂದ ಹೈಲಕ್ಸ್ ಕೂಡ ಅದೇ ಜಾತಿಯದು. ಟರ್ಬೊಚಾರ್ಜರೂ ಹೊಗೆ ಸೋಸುವ ಸಾಧನಗಳೂ ಸದ್ದನ್ನು ದಾರಿಯಲ್ಲೇ ನುಂಗುವುದರಿಂದ ಇಲ್ಲಿ ಮೊರೆತದ ದೂರು ಕಡಿಮೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಗಳನ್ನು ನಿರ್ಬಂಧಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಸೈಲೆನ್ಸರನ್ನು ಕಡ್ಡಾಯ ಮಾಡಿದೆ. ಕರ್ನಾಟಕದ ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ಕಳಚಿ ರೋಡ್ ರೋಲರ್ ಹತ್ತಿಸಿದ್ದು ಹೆಚ್ಚಾಗಿ ಬೈಕುಗಳ ವಿಷಯದಲ್ಲಿ.

ಅಮೆರಿಕದಲ್ಲಿರುವ ಕನ್ನಡಿಗರೂ ಸೇರಿದಂತೆ ಪಿಕಪ್ ಇಟ್ಟುಕೊಂಡು ಸೈಲೆನ್ಸರ್ ಬದಲಿಸಲು ಹೊರಟವರಿಗೆ ಹೇಳಬಹುದಾದದ್ದು ಇಷ್ಟು: ಹೊಸದನ್ನು ಬೆಸುಗೆ ಹಾಕಿಸದೆ ಮೊದಲು ಕ್ಲಾಂಪಿನಿಂದ ಬಿಗಿಸಿ, ನಿಮ್ಮ ಮಾಮೂಲಿ ಹೆದ್ದಾರಿಯಲ್ಲಿ ಗಾಜು ಏರಿಸಿಕೊಂಡು ಓಡಿಸಿ ನೋಡಿ. ಅಲ್ಲಿಯವರೆಗೆ ಹಳೆಯ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿ.